ಹತ್ತಿ ಬಿಡಿಸುವ ಕಾಲದಲ್ಲಿ ಹತ್ತನೆಯ ತರಗತಿ

ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ಈ ಹುದ್ದೆಗೆ ಬಡ್ತಿ ಬರುವ ಮುಂಚೆ ಇದೇ ಭಾಗದ ಬೇರೆ ಶಾಲೆಗಳಲ್ಲಿ ಗಣಿತ ಕಲಿಸುತ್ತಿದ್ದೆ; ಈಗಲೂ ಕಚೇರಿಯ ಕಾಗದಪತ್ರಗಳ ನಡುವೆ ಹತ್ತನೆಯ ತರಗತಿಗೆ ವಾರದಲ್ಲಿ ಕೆಲವು ಅವಧಿಗಳನ್ನು ಬಿಡದೆ ತೆಗೆದುಕೊಳ್ಳುತ್ತೇನೆ. 2023–24ನೇ ಸಾಲಿನ ಹತ್ತನೆಯ ತರಗತಿಯನ್ನು ಶಾಲೆ ತೆರೆದ ವಾರದಿಂದ ಹಿಡಿದು ಮೂರನೆಯ ಪರೀಕ್ಷೆ ಮುಗಿಯುವವರೆಗೆ ನಾವು ನಡೆಸಿಕೊಂಡು ಬಂದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದದ್ದು, ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದದ್ದು, ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಶುರುವಾದದ್ದು ಎಲ್ಲವೂ ಆ ಒಂದು ಸಾಲಿನಲ್ಲೇ. ಜೊತೆಗೆ ಆ ತಂಡದ ಮಕ್ಕಳು ಕೊರೋನಾ ಕಾಲದಲ್ಲಿ ಏಳನೆಯ ತರಗತಿಯ ಬಹುಪಾಲನ್ನು ಮನೆಯಲ್ಲೇ ಕಳೆದು, ನೇರವಾಗಿ ನಮ್ಮ ಪ್ರೌಢಶಾಲೆಯ ಬಾಗಿಲಿಗೆ ಬಂದವರು.

ನಮ್ಮ ಊರಿನ ಜಮೀನಿನಲ್ಲಿ ಒಂದಷ್ಟು ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ಬರುತ್ತದೆ, ಉಳಿದದ್ದು ಮಳೆಯನ್ನೇ ನಂಬಿದ ಎರೆಹೊಲ. ನೀರಿರುವಲ್ಲಿ ಭತ್ತ ಮತ್ತು ಮೆಣಸಿನಕಾಯಿ, ಇಲ್ಲದಲ್ಲಿ ತೊಗರಿ, ಎರಡೂ ಕಡೆ ಹತ್ತಿ. ನಮ್ಮ ಶಾಲೆಗೆ ಈ ಊರಿನಿಂದಲೂ ಸುತ್ತಲಿನ ಸಣ್ಣ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಮಕ್ಕಳು ಬರುತ್ತಾರೆ. ಸ್ವಂತ ಹೊಲವಿದ್ದವರ ಮಕ್ಕಳು ಕಡಿಮೆ, ಕೂಲಿಯವರ ಮಕ್ಕಳೇ ಹೆಚ್ಚು. ಜೂನ್, ಜುಲೈನಲ್ಲಿ ಬಿತ್ತಿದ ಹತ್ತಿ ದಸರಾ ದಾಟಿದ ಮೇಲೆ ಕಾಯೊಡೆಯಲು ಶುರುವಾಗುತ್ತದೆ. ಆಮೇಲೆ ಎರಡು ಮೂರು ಸುತ್ತು ಬಿಡಿಸುವುದಿರುತ್ತದೆ, ಅದು ಸಂಕ್ರಾಂತಿಯವರೆಗೂ ಎಳೆಯುತ್ತದೆ. ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ಕೆಲಸವಾದ್ದರಿಂದ ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟು ಲಾಭ. ಹದಿನೈದು ವರ್ಷದ ಹುಡುಗಿಯ ಬೆರಳು ತಾಯಿಯ ಬೆರಳಿಗಿಂತ ಚುರುಕಾಗಿರುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಇದರ ಪಕ್ಕದಲ್ಲಿ ಶಾಲೆಯ ಲೆಕ್ಕವನ್ನು ಇಟ್ಟು ನೋಡಬೇಕು. ವರ್ಷಕ್ಕೆ ಸುಮಾರು 240 ಶಾಲಾ ದಿನಗಳು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು. ಅಂದರೆ ಒಂದು ಮಗು ಹೆಚ್ಚೆಂದರೆ 60 ದಿನ ಗೈರುಹಾಜರಾಗಬಹುದು. ಜ್ವರ, ಜಾತ್ರೆ, ಮದುವೆ, ಮೊಹರಂ, ತಮ್ಮನನ್ನು ನೋಡಿಕೊಳ್ಳುವುದು ಎಂದು ಅಕ್ಟೋಬರ್‌ ಹೊತ್ತಿಗೇ ಹಲವರ ಖಾತೆಯಲ್ಲಿ ಇಪ್ಪತ್ತು ದಿನಗಳು ಖರ್ಚಾಗಿರುತ್ತವೆ. ಉಳಿದದ್ದನ್ನು ಹತ್ತಿಯ ಹಂಗಾಮು ಒಂದೇ ಏಟಿಗೆ ನುಂಗುತ್ತದೆ. ಆದ್ದರಿಂದ ನಮ್ಮಂಥ ಶಾಲೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಮಾರ್ಚ್ ತಿಂಗಳಲ್ಲಿ ತೀರ್ಮಾನವಾಗುವುದಿಲ್ಲ, ನವೆಂಬರಿನಲ್ಲೇ ತೀರ್ಮಾನವಾಗುತ್ತದೆ. ಮುಖ್ಯ ಶಿಕ್ಷಕಿಯಾಗಿ ನಾನು ಕಲಿತ ವಿಷಯಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಜೂನ್ ತಿಂಗಳು ಸೇತುಬಂಧದಲ್ಲಿ ಕಳೆಯಿತು. ಹಿಂದಿನ ತರಗತಿಗಳ ಕಲಿಕೆಯನ್ನು ಪರೀಕ್ಷಿಸಿ, ಬಿಟ್ಟುಹೋದದ್ದನ್ನು ತುಂಬಿಕೊಡುವ ಈ ಅವಧಿಯನ್ನು ಅನೇಕ ಕಡೆ ದಾಖಲೆಗಾಗಿ ಮುಗಿಸುವುದುಂಟು. ಈ ತಂಡದ ವಿಷಯದಲ್ಲಿ ಅದು ಸಾಧ್ಯವೇ ಇರಲಿಲ್ಲ. ತರಗತಿಯ ಅರವತ್ತರ ಆಸುಪಾಸಿನ ಮಕ್ಕಳಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿಗೆ ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲು ಬರುತ್ತಿರಲಿಲ್ಲ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಅವರಿಗೆ ಕನ್ನಡ ಶಾಲೆಯಲ್ಲಿ ಕಲಿತ ಭಾಷೆ, ಆ ಶಾಲೆಯೇ ಒಂದು ವರ್ಷ ಮುಚ್ಚಿದ್ದಾಗ ಅವರು ಕಳೆದುಕೊಂಡದ್ದು ಉಳಿದವರಿಗಿಂತ ಹೆಚ್ಚು. ನಮ್ಮ ಕನ್ನಡ ಶಿಕ್ಷಕಿ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆಯನ್ನು ಈ ಮಕ್ಕಳಿಗೆಂದು ಇಟ್ಟುಕೊಂಡರು. ಎಂಟನೆಯ ತರಗತಿಯ ಮಕ್ಕಳ ಮುಂದೆ ಕೂರಿಸಿ ಗಟ್ಟಿಯಾಗಿ ಓದಿಸಿದರೆ ದೊಡ್ಡ ಮಕ್ಕಳು ನಾಚುತ್ತಾರೆಂದು ಅವರನ್ನು ಗ್ರಂಥಾಲಯದ ಕೋಣೆಯೊಳಗೆ ಬೇರೆಯಾಗಿ ಕೂರಿಸಿಕೊಂಡು, ದಿನಪತ್ರಿಕೆಯ ಕ್ರೀಡಾಪುಟದಿಂದ ಓದು ಆರಂಭಿಸಿದರು. ಅದು ಅವರದೇ ಯೋಚನೆ. ಓದಲು ಬಾರದ ಮಗುವಿಗೆ ವಿಜ್ಞಾನವನ್ನೂ ಸಮಾಜವನ್ನೂ ಎಷ್ಟು ಚೆನ್ನಾಗಿ ಹೇಳಿದರೂ ಉತ್ತರಪತ್ರಿಕೆಯಲ್ಲಿ ಏನೂ ಇಳಿಯುವುದಿಲ್ಲ. ಇದನ್ನು ಒಪ್ಪಿಕೊಂಡ ಶಾಲೆಗೆ ಮಾತ್ರ ಮುಂದಿನ ದಾರಿ ಕಾಣುತ್ತದೆ.

ಆ ಜೂನ್ 11ರಂದೇ ಶಕ್ತಿ ಯೋಜನೆ ಆರಂಭವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದುದರಿಂದ, ಬಸ್ ಓಡಾಡುವ ಹಳ್ಳಿಗಳ ಹುಡುಗಿಯರ ಹಾಜರಾತಿಯಲ್ಲಿ ನಮಗೆ ಕಣ್ಣಿಗೆ ಕಾಣುವ ವ್ಯತ್ಯಾಸವಾಯಿತು. ಆಗಸ್ಟಿನಲ್ಲಿ ಮೊಟ್ಟೆ, ಬಾಳೆಹಣ್ಣು, ಚಿಕ್ಕಿಯ ಕಾರ್ಯಕ್ರಮವನ್ನು ಒಂಬತ್ತು ಮತ್ತು ಹತ್ತನೆಯ ತರಗತಿಗೂ ವಿಸ್ತರಿಸಿದರು. ಮೊಟ್ಟೆ ಕೊಡುವ ದಿನ ತರಗತಿ ತುಂಬಿರುತ್ತದೆ ಎಂದು ಹೇಳಿದರೆ ಕೆಲವರು ಮಕ್ಕಳನ್ನು ಹಗುರವಾಗಿ ಕಾಣುತ್ತಾರೆ. ಬೆಳಿಗ್ಗೆ ಏನನ್ನೂ ತಿನ್ನದೆ ನಡೆದು ಬರುವ ಮಗುವಿಗೆ ಮಧ್ಯಾಹ್ನದ ಅನ್ನ, ಸಾರು, ಒಂದು ಮೊಟ್ಟೆ ಎಷ್ಟು ದೊಡ್ಡದೆಂಬುದನ್ನು ನಾನು ನಮ್ಮ ಅಡುಗೆಯವರ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಆ ಮಾತನ್ನು ನಾನು ಯಾರಿಂದಲೂ ಆಡಿಸಿಕೊಳ್ಳುವುದಿಲ್ಲ.

ಶಿಕ್ಷಕರ ಕೊರತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂಗ್ಲಿಷ್ ಮತ್ತು ವಿಜ್ಞಾನಕ್ಕೆ ಅತಿಥಿ ಶಿಕ್ಷಕರಿದ್ದರು. ಆಗ ತಿಂಗಳಿಗೆ ಹತ್ತು ಸಾವಿರದ ಆಸುಪಾಸಿನ ಗೌರವಧನಕ್ಕೆ, ಅದೂ ತಿಂಗಳು ತಿಂಗಳಿಗೆ ಸರಿಯಾಗಿ ಕೈಸೇರದೆ ದುಡಿಯುತ್ತಿದ್ದ ಈ ಯುವಕ ಯುವತಿಯರು ನಮ್ಮ ಕಡೆಯ ಶಾಲೆಗಳ ಭಾರದ ಒಂದು ತುದಿಯನ್ನು ಹೊತ್ತಿದ್ದಾರೆ. ನಮ್ಮ ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿಯೂ ಬರುವುದಿಲ್ಲ.

ಮಳೆಗಾಲದ ಆ ತಿಂಗಳುಗಳು ಶಾಲೆಯ ಸುಗ್ಗಿಯ ಕಾಲವೂ ಹೌದು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಹುಡುಗಿಯರ ಖೋ ಖೋ ತಂಡ ಕೊನೆಯ ಪಂದ್ಯದವರೆಗೆ ಹೋಯಿತು. ಪ್ರತಿಭಾ ಕಾರಂಜಿಯಲ್ಲಿ ಜಾನಪದ ಗೀತೆಗೆ ನಾವು ಹೆಸರು ಕೊಟ್ಟದ್ದು ಹತ್ತನೆಯ ತರಗತಿಯ ಒಬ್ಬ ಹುಡುಗನನ್ನು. ಯಾವ ಪಾಠದಲ್ಲೂ ಬಾಯಿ ಬಿಡದ, ಕಿರುಪರೀಕ್ಷೆಗಳಲ್ಲಿ ಎರಡಂಕಿ ಮುಟ್ಟದ ಹುಡುಗ. ಅವನ ಅಜ್ಜ ಅಮಾವಾಸ್ಯೆಯ ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು. ಮೊಮ್ಮಗನಿಗೆ ದೀರ್ಘವಾದ ಪದಗಳು ನುಡಿ ತಪ್ಪದೆ ಬಾಯಿಗೆ ಬರುತ್ತಿದ್ದವು. ಅವನು ಕ್ಲಸ್ಟರ್ ದಾಟಿ ತಾಲ್ಲೂಕು ಮಟ್ಟದಲ್ಲಿ ಬಹುಮಾನ ಪಡೆದ. ಮರುದಿನದ ಪ್ರಾರ್ಥನೆಯಲ್ಲಿ ಅವನನ್ನು ಹಾಡಿಸಿದಾಗ ಸಮಾಜ ವಿಜ್ಞಾನದ ಮಾಸ್ತರರು ನನ್ನ ಬಳಿ ಬಂದು, ಇಷ್ಟು ಪದಗಳನ್ನು ನೆನಪಿಡುವ ಹುಡುಗ ಒಂದು ಪುಟದ ಉತ್ತರವನ್ನು ನೆನಪಿಡಲಾರನೇ ಎಂದು ಕೇಳಿದರು. ಅಂದಿನಿಂದ ಅವರು ಅವನಿಗೆ ಉತ್ತರವನ್ನು ಬರೆಸುವ ಮುಂಚೆ ಬಾಯಲ್ಲಿ ಹೇಳಿಸತೊಡಗಿದರು. ಪಠ್ಯೇತರ ಚಟುವಟಿಕೆಗಳಿಂದ ಓದು ಕೆಡುತ್ತದೆ ಎನ್ನುವವರಿಗೆ ನಾನು ಈ ಹುಡುಗನ ಉದಾಹರಣೆಯನ್ನೇ ಕೊಡುತ್ತೇನೆ. ಶಾಲೆಯಲ್ಲಿ ಒಂದು ಕಡೆಯಾದರೂ ತಲೆಯೆತ್ತಿ ನಿಂತ ಮಗು ಮತ್ತೆ ಶಾಲೆಗೆ ಬರುತ್ತದೆ. ಅವನು ಆ ವರ್ಷ ಹತ್ತಿ ಹೊಲಕ್ಕೆ ಹೋಗಿದ್ದು ಭಾನುವಾರಗಳಲ್ಲಿ ಮಾತ್ರ.

ಎಂಟನೆಯ ತರಗತಿಯವರ ಎನ್‌ಎಂಎಂಎಸ್ ಪರೀಕ್ಷೆಯ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದರ ಫಲ ಹತ್ತನೆಯ ತರಗತಿಯಲ್ಲಿ ಕಾಣುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ನಡೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಹತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗಿ ಎರಡು ವರ್ಷದ ಹಿಂದೆ ಆಯ್ಕೆಯಾಗಿದ್ದಳು, ಆದರೆ ಹಣ ಖಾತೆಗೆ ಬಂದಿರಲಿಲ್ಲ. ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದಾಗ ಪ್ರವೇಶ ಪುಸ್ತಕದಲ್ಲಿ ಅವಳ ಹೆಸರಿನ ಕೊನೆಗೆ ‘ಮ್ಮ’ ಇತ್ತು, ಆಧಾರ್ ಕಾರ್ಡಿನಲ್ಲಿ ಇರಲಿಲ್ಲ. ತಂದೆಯ ಹೆಸರಿನ ಮೊದಲಕ್ಷರ ಬ್ಯಾಂಕಿನ ಪುಸ್ತಕದಲ್ಲಿ ಮುಂದಿತ್ತು, ಆದಾಯ ಪ್ರಮಾಣಪತ್ರದಲ್ಲಿ ಹಿಂದಿತ್ತು. ಈ ನಾಲ್ಕು ಕಾಗದಗಳು ಒಂದೇ ಹುಡುಗಿಯದೆಂದು ಕಂಪ್ಯೂಟರಿಗೆ ಮನವರಿಕೆಯಾಗುವವರೆಗೆ ಹಣ ಬಿಡುಗಡೆಯಾಗುವುದಿಲ್ಲ. ನಮ್ಮ ಕಚೇರಿಯ ದ್ವಿತೀಯ ದರ್ಜೆ ಸಹಾಯಕರು ನಾಡಕಚೇರಿ, ಆಧಾರ್ ಕೇಂದ್ರ, ಬ್ಯಾಂಕು ಎಂದು ಅವಳ ತಂದೆಯನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಓಡಾಡಿದರು. ದೀಪಾವಳಿಯ ಹೊತ್ತಿಗೆ ಹಣ ಬಂತು. ಹತ್ತಿಯ ಕೂಲಿಗೆ ಮಗಳನ್ನು ಕಳಿಸುತ್ತಿದ್ದ ಆ ಮನೆಯವರು ಆಮೇಲೆ ಕಳಿಸಲಿಲ್ಲ. ಶಾಲೆಯ ಸಾಧನೆಗಳ ಪಟ್ಟಿ ಮಾಡುವಾಗ ನಾನು ಗುಮಾಸ್ತರ ಈ ಓಡಾಟವನ್ನು ಪಾಠಕ್ಕೆ ಸಮನಾಗಿಯೇ ಎಣಿಸುತ್ತೇನೆ.

ದಸರಾ ರಜೆ ಮುಗಿದು ಶಾಲೆ ತೆರೆದಾಗ ತರಗತಿಯಲ್ಲಿ ಮೂರನೇ ಒಂದು ಭಾಗ ಖಾಲಿ. ಮುಂಗಾರು ಕೈಕೊಟ್ಟ ಆ ವರ್ಷ ಒಣಬೇಸಾಯದ ಹತ್ತಿ ಮೊಣಕಾಲೆತ್ತರಕ್ಕೇ ನಿಂತು ಬೇಗ ಕಾಯೊಡೆದಿತ್ತು, ಹೀಗಾಗಿ ಬಿಡಿಸುವ ಕೆಲಸವೂ ಬೇಗ ಬಂದಿತ್ತು. ಕೂಲಿಯವರನ್ನು ಹೊತ್ತೊಯ್ಯುವ ಟಂಟಂ ಗಾಡಿಗಳು ಬೆಳಿಗ್ಗೆ ಏಳರೊಳಗೆ ಊರು ಬಿಡುತ್ತವೆ. ಶಾಲೆ ತೆರೆದ ಮೇಲೆ ಮನೆಭೇಟಿಗೆ ಹೋದರೆ ಬೀಗ ಬಿಟ್ಟು ಬೇರೇನೂ ಕಾಣದಿರುವುದರಿಂದ ನಾವು ಆರು ಗಂಟೆಗೇ ಹೋಗತೊಡಗಿದೆವು. ಒಬ್ಬ ಶಿಕ್ಷಕರು, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಬ್ಬ ಸದಸ್ಯರು, ಸಾಧ್ಯವಾದರೆ ಆ ಓಣಿಯ ಒಬ್ಬ ಹಳೆಯ ವಿದ್ಯಾರ್ಥಿನಿ ಜೊತೆಗಿರುತ್ತಿದ್ದರು. ವಾರವಿಡೀ ಬಾರದ ಹುಡುಗಿಯ ಮನೆಗೆ ಹೋಗುವಾಗ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಗೈರುಹಾಜರಿಗೆ ಹತ್ತಿ ಒಂದೇ ಕಾರಣವಾಗಿರುವುದಿಲ್ಲ, ಮದುವೆಯ ಮಾತುಕತೆಯೂ ನಡೆದಿರಬಹುದು. ಅಂಥ ಮನೆಯ ಒಳಮನೆಯ ಮಾತು ಆಕೆಗೆ ತಿಳಿದಷ್ಟು ನಮಗೆ ತಿಳಿಯದು.

ಒಂದು ಮನೆಯ ಮಾತನ್ನು ಇದ್ದಂತೆ ಬರೆಯುತ್ತೇನೆ. ತಾಯಿ ತಲೆಗೆ ಬಟ್ಟೆ ಸುತ್ತಿಕೊಂಡು ಬುತ್ತಿಯ ಗಂಟು ಕಟ್ಟುತ್ತಿದ್ದರು. ಎರಡು ಜೋಳದ ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ. ಪಕ್ಕದಲ್ಲಿ ಇನ್ನೊಂದು ಸಣ್ಣ ಗಂಟು ಸಿದ್ಧವಾಗಿತ್ತು, ಅದು ಮಗಳದು. ಮಗಳು ನಮ್ಮನ್ನು ಕಂಡು ಗೋಡೆಯ ಮರೆಗೆ ಸರಿದಳು.

“ಸಾಲಿ ಬ್ಯಾಡಂತ ನಾ ಎಂದೂ ಅಂದಿಲ್ರಿ ಅಕ್ಕೋರ. ಹತ್ತಿ ಒಡದು ನಿಂತದ. ಈಗ ಬಿಟ್ರ ಮತ್ತ ಕೂಲಿ ಎಲ್ಲಿ ಸಿಗ್ತದ್ರಿ? ನೀವs ಹೇಳ್ರಿ.”

ಆಕೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಮನೆಯ ಬಾಗಿಲಲ್ಲಿ ನಿಂತು ವಿದ್ಯೆಯ ಮಹತ್ವದ ಬಗ್ಗೆ ಭಾಷಣ ಮಾಡುವುದು ಅವರನ್ನು ಅವಮಾನಿಸಿದಂತೆ. ಓದಿನ ಬೆಲೆ ಗೊತ್ತಿಲ್ಲದ ತಾಯಿ ನನಗೆ ಈ ಭಾಗದಲ್ಲಿ ಸಿಕ್ಕಿಲ್ಲ. ನಾನು ಹಾಜರಿ ಪುಸ್ತಕ ತೆಗೆದು ಲೆಕ್ಕ ತೋರಿಸಿದೆ. ಮಗಳು ಈವರೆಗೆ ಎಷ್ಟು ದಿನ ಬಂದಿಲ್ಲ, ಇನ್ನೆಷ್ಟು ದಿನ ಬಾರದಿದ್ದರೆ ಪರೀಕ್ಷೆಯ ಪ್ರವೇಶಪತ್ರ ಸಿಗುವುದಿಲ್ಲ ಎಂಬುದನ್ನು ಬೆರಳಿಟ್ಟು ಎಣಿಸಿದೆ. ಕೂಲಿಯ ಲೆಕ್ಕವನ್ನು ದಿನಾಲೂ ಮಾಡುವವರಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತದೆ. “ಅಂದ್ರ ಐತವಾರ ಮತ್ತ ಸೂಟಿ ದಿನ ಬರ್ಲಿ, ಉಳಿದ ದಿನ ನಿಮ್ಮ ಕಡೀನೇ ಇರ್ಲಿ” ಎಂದು ಆಕೆಯೇ ತೀರ್ಮಾನ ಹೇಳಿದರು. ಸ್ವಲ್ಪ ತಡೆದು, ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದೆ, ಅದರಿಂದ ನಡೆಯುತ್ತದೆ ಎಂದರು. ಆ ಯೋಜನೆಯ ಬಗ್ಗೆ ಯಾರು ಏನೇ ವಾದಿಸಲಿ, ನಮ್ಮ ತರಗತಿಯ ಒಂದು ಬೆಂಚು ಅದರಿಂದ ತುಂಬಿತು ಎಂಬುದಕ್ಕೆ ನಾನು ಸಾಕ್ಷಿ.

ಎಲ್ಲ ಮನೆಗಳಲ್ಲಿ ಹೀಗಾಗಲಿಲ್ಲ. ಕೆಲವರು ಹೊಲದ ಮಾಲೀಕರಿಂದ ಮುಂಗಡ ಪಡೆದಿದ್ದರು, ಅವರ ಮಾತಿಗೆ ಅವರೇ ಕಟ್ಟುಬಿದ್ದಿದ್ದರು. ನಮ್ಮ ಎಸ್‌ಡಿಎಂಸಿ ಅಧ್ಯಕ್ಷರು ಸ್ವತಃ ಹತ್ತಿ ಬೆಳೆಯುವವರು. ಅವರು ದೊಡ್ಡ ಹಿಡುವಳಿದಾರರನ್ನು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಸೇರಿಸಿ, ಹತ್ತನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನ ಹೊಲಕ್ಕೆ ಇಳಿಸಿಕೊಳ್ಳಬಾರದೆಂದು ಮಾತು ತೆಗೆದುಕೊಂಡರು. ಆ ಮಾತು ಪೂರ್ತಿಯಾಗಿ ಅಲ್ಲದಿದ್ದರೂ ಬಹಳ ಮಟ್ಟಿಗೆ ನಡೆಯಿತು. ಅಧಿಕಾರಿಗಳ ಸುತ್ತೋಲೆಯಿಂದ ಆಗದ ಕೆಲಸ ಊರವರು ಊರವರಿಗೆ ಹೇಳಿದಾಗ ಆಗುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ಖಾಲಿ ಬೆಂಚುಗಳು ಕಡಿಮೆಯಾದವು.

ಅಷ್ಟರಲ್ಲಿ ಗುಳೆ ಶುರುವಾಗಿತ್ತು. ಬರದ ವರ್ಷದಲ್ಲಿ ಸಂಕ್ರಾಂತಿಯವರೆಗೂ ಕಾಯದೆ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವು. ಅಜ್ಜ ಅಜ್ಜಿಯರು ಊರಲ್ಲಿದ್ದ ಮನೆಗಳ ಮಕ್ಕಳನ್ನು ಅವರ ಬಳಿ ಬಿಡಿಸಿದೆವು. ಯಾರೂ ಇಲ್ಲದವರಲ್ಲಿ ಇಬ್ಬರು ಹುಡುಗಿಯರಿಗೆ ತಾಲ್ಲೂಕು ಕೇಂದ್ರದ ಬಾಲಕಿಯರ ವಸತಿನಿಲಯದಲ್ಲಿ ವರ್ಷದ ನಡುವೆ ಜಾಗ ಸಿಕ್ಕಿತು. ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಹೋದವನು ಬರಲೇ ಇಲ್ಲ.

ಡಿಸೆಂಬರಿನಿಂದ ಸಂಜೆಯ ತರಗತಿಗಳು ಆರಂಭವಾದವು. ನಮ್ಮ ಕಡೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಎಲ್ಲ ಶಿಕ್ಷಕರ ಬಾಯಲ್ಲಿದೆ. ಪ್ರತಿ ವಿಷಯದಲ್ಲಿ ಖಚಿತವಾಗಿ ಬರುವ ಕೆಲವು ಪ್ರಶ್ನೆಗಳನ್ನು ಆರಿಸಿ, ಹಿಂದುಳಿದ ಮಗುವಿಗೆ ಅಷ್ಟನ್ನೇ ಪಕ್ಕಾ ಮಾಡಿಸಿ, 80 ಅಂಕದ ಲಿಖಿತ ಪತ್ರಿಕೆಯಲ್ಲಿ ಆಗ ಪಾಸಾಗಲು ಬೇಕಿದ್ದ 28 ದಾಟಿಸುವುದು ಅದರ ಗುರಿಯಾಗಿತ್ತು. ಗಣಿತದಲ್ಲಾದರೆ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಸಂಭವನೀಯತೆಯ ಸಣ್ಣ ಲೆಕ್ಕ. ವಿಜ್ಞಾನದಲ್ಲಾದರೆ ಕಣ್ಣು, ಹೃದಯದ ಚಿತ್ರಗಳು. ಇದನ್ನು ಬಾಯಿಪಾಠದ ಶಿಕ್ಷಣವೆಂದು ಟೀಕಿಸುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಏನೂ ಬರುವುದಿಲ್ಲ ಎಂದು ನಂಬಿ ಕೂತ ಮಗುವಿಗೆ ಒಂದು ಲೆಕ್ಕ ಪೂರ್ತಿ ಬಂದರೆ ಅಲ್ಲಿಂದ ಮುಂದಕ್ಕೆ ಕರೆದೊಯ್ಯುವುದು ಸಾಧ್ಯ. ಅಲ್ಲಿಗೇ ನಿಲ್ಲಿಸಿದರೆ ಮಾತ್ರ ಅದು ತಪ್ಪು.

ನಕ್ಷೆಯ ಲೆಕ್ಕವನ್ನು ನಾನೇ ಮಾಡಿಸುತ್ತಿದ್ದೆ. ಒಂದು ಸಂಜೆ ಖೋ ಖೋ ತಂಡದ ನಾಯಕಿ ನಕ್ಷೆ ಹಾಳೆಯ ಮೇಲೆ ಎರಡು ಗೆರೆ ಎಳೆದು, ಅವು ಸೇರುವುದೇ ಇಲ್ಲವೆಂದು ಹಾಳೆಯನ್ನು ತಿರುಗಿಸಿ ಇಟ್ಟಿದ್ದಳು. ಅವಳು ಬರೆದಿದ್ದ ಎಕ್ಸ್, ವೈ ಬೆಲೆಗಳ ಪಟ್ಟಿ ನೋಡಿದೆ, ಸರಿಯಾಗಿತ್ತು. ಎಕ್ಸ್ ಅಕ್ಷದ ಮೇಲೆ ಋಣ ಸಂಖ್ಯೆಗಳನ್ನು ಬಲಗಡೆಗೇ ಗುರುತಿಸಿಕೊಂಡು ಹೋಗಿದ್ದಳು. ಸೊನ್ನೆಯ ಎಡಕ್ಕೆ ಏನಿರುತ್ತದೆ ಎಂಬುದು ಏಳನೆಯ ತರಗತಿಯಲ್ಲಿ ಗಟ್ಟಿಯಾಗಬೇಕಾದ ಪಾಠ, ಶಾಲೆ ಮುಚ್ಚಿದ್ದ ವರ್ಷದ ಪಾಠ. ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಖೋ ಖೋ ಅಂಕಣದ ನಡುಗೆರೆಯ ಮೇಲೆ ನಿಲ್ಲಿಸಿ, ಒಂದು ಕಂಬದ ಕಡೆಗೆ ಧನ, ಇನ್ನೊಂದು ಕಂಬದ ಕಡೆಗೆ ಋಣ ಎಂದು ನಡೆಸಿದೆ. ಒಳಗೆ ಬಂದು ಹೊಸ ಹಾಳೆಯಲ್ಲಿ ಎಳೆದಳು. ಗೆರೆಗಳು ಛೇದಿಸಿದವು. ಆ ಬಿಂದುವಿನ ಸುತ್ತ ಪೆನ್ಸಿಲ್ಲಿನಿಂದ ದೊಡ್ಡ ವೃತ್ತ ಹಾಕಿ, ಇನ್ನೊಂದು ಲೆಕ್ಕ ಕೊಡಿರೆಂದು ಕೇಳಿದಳು. ಈ ತಂಡದ ಮಕ್ಕಳಲ್ಲಿ ಬುದ್ಧಿಯ ಕೊರತೆ ಇರಲಿಲ್ಲ. ಕಳೆದುಹೋದ ಒಂದು ವರ್ಷ ಎಲ್ಲೆಲ್ಲಿ ಅಡಗಿ ಕೂತಿದೆಯೆಂದು ಹುಡುಕಿ ತೆಗೆಯಬೇಕಿತ್ತು ಅಷ್ಟೆ.

ಪೂರ್ವಸಿದ್ಧತಾ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬರುತ್ತದೆ, ಜಿಲ್ಲಾ ಕೇಂದ್ರದಲ್ಲಿ ಕುಳಿತು ನೋಡುತ್ತಾರೆ ಎಂಬ ಸುದ್ದಿ ಹರಡಿತು. ಮಕ್ಕಳು ಹೆದರಿದರು. ಇಷ್ಟು ವರ್ಷ ಕೆಲವು ಕೇಂದ್ರಗಳಲ್ಲಿ ಏನು ನಡೆಯುತ್ತಿತ್ತೆಂದು ತಿಳಿದ ಪಾಲಕರೂ ಹೆದರಿದರು. ನನಗೆ ಸಮಾಧಾನವಾಯಿತು. ನಕಲು ನಡೆಯುವ ಕೇಂದ್ರದಲ್ಲಿ ಸಂಜೆ ತರಗತಿಗೆ ಬಂದು ದುಡಿದ ಹುಡುಗಿಗೂ ದುಡಿಯದವನಿಗೂ ವ್ಯತ್ಯಾಸ ಉಳಿಯುವುದಿಲ್ಲ, ಅದು ಕಲಿಸಿದವರ ಮನಸ್ಸನ್ನೂ ಮುರಿಯುತ್ತದೆ. ಮಕ್ಕಳ ಹೆದರಿಕೆ ಕಳೆಯಲೆಂದು ಕೊನೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಮ್ಮ ವಿಜ್ಞಾನ ಶಿಕ್ಷಕರು ತರಗತಿಯ ಮೂಲೆಯಲ್ಲಿ ಮೊಬೈಲ್ ಫೋನ್ ನಿಲ್ಲಿಸಿ ಚಿತ್ರೀಕರಿಸಿದರು. ಮೊದಲ ದಿನ ಎಲ್ಲರೂ ಅದರ ಕಡೆಗೇ ನೋಡುತ್ತಿದ್ದರು, ಮೂರನೆಯ ಪತ್ರಿಕೆಯ ಹೊತ್ತಿಗೆ ಅದು ಅಲ್ಲಿದೆಯೆಂಬುದನ್ನೇ ಮರೆತಿದ್ದರು. ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ ಹದಿನೈದು ನಿಮಿಷಗಳಲ್ಲಿ ಗೊತ್ತಿರುವ ಪ್ರಶ್ನೆಗಳಿಗೆ ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಬರೆಯುವಾಗ ಅಲ್ಲಿಂದಲೇ ಶುರುಮಾಡುವುದನ್ನೂ ಅಭ್ಯಾಸ ಮಾಡಿಸಿದೆವು.

ಪರೀಕ್ಷೆ–1 ಮಾರ್ಚ್ 25ರಿಂದ ಏಪ್ರಿಲ್ 6ರವರೆಗೆ ನಡೆಯಿತು. ಮೇ 9ರಂದು ಫಲಿತಾಂಶ ಬಂತು. ಹಿಂದಿನ ವರ್ಷ ರಾಜ್ಯದ ಫಲಿತಾಂಶ ಶೇಕಡಾ 83.89 ಇದ್ದದ್ದು 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕವನ್ನು ಶೇಕಡಾ 20ರವರೆಗೆ ಏರಿಸಿದ ಮೇಲೆ. ಉಡುಪಿ 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ನಮ್ಮ ಯಾದಗಿರಿ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಮರುದಿನದ ಪತ್ರಿಕೆಗಳಲ್ಲಿ ಜಿಲ್ಲೆಯ ಹೆಸರು ದಪ್ಪಕ್ಷರದಲ್ಲಿ ಬಂದದ್ದನ್ನು ನೋಡಿ ನಮ್ಮ ಶಿಕ್ಷಕರು ಕುಗ್ಗಿದರು. ಅದೇ ಪತ್ರಿಕೆಯಲ್ಲಿ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ 625ಕ್ಕೆ 625 ಪಡೆದು ರಾಜ್ಯಕ್ಕೆ ಮೊದಲಿಗಳಾದ ಸುದ್ದಿಯೂ ಇತ್ತು. ಸರ್ಕಾರಿ ವಸತಿ ಶಾಲೆಯಲ್ಲಿ ಓದಿದ ಉತ್ತರ ಕರ್ನಾಟಕದ ಹುಡುಗಿ ಅವಳು. ಆ ಪುಟವನ್ನು ಕತ್ತರಿಸಿ ನಾವು ಸೂಚನಾ ಫಲಕಕ್ಕೆ ಹಚ್ಚಿದೆವು.

ನಮ್ಮ ಶಾಲೆಯಲ್ಲಿ ಬರೆದವರ ಪೈಕಿ ಮೂರರಲ್ಲಿ ಎರಡು ಭಾಗ ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾದರು. ಎನ್‌ಎಂಎಂಎಸ್ ಹುಡುಗಿ ಶೇಕಡಾ 90 ದಾಟಿ ಶಾಲೆಗೆ ಮೊದಲಿಗಳಾದಳು, ತತ್ವಪದದ ಹುಡುಗ ಸಮಾಜ ವಿಜ್ಞಾನದಲ್ಲಿ ಯಾರೂ ಊಹಿಸದಷ್ಟು ಅಂಕ ಪಡೆದು ಎರಡನೆಯ ದರ್ಜೆಯಲ್ಲಿ ಪಾಸಾದ. ಪರಿಶೀಲನಾ ಸಭೆಯಲ್ಲಿ ನಮ್ಮ ಶೇಕಡಾವಾರನ್ನು ಪಕ್ಕದ ಒಂದು ಶಾಲೆಯದಕ್ಕೆ ಹೋಲಿಸಿ ಕೇಳಿದರು, ಅವರದು ನಮಗಿಂತ ಹೆಚ್ಚಿತ್ತು. ಗಣಿತ ಕಲಿಸಿದವಳಾಗಿ ನಾನು ಅಲ್ಲಿ ಹೇಳಿದ ಮಾತನ್ನೇ ಇಲ್ಲಿಯೂ ಹೇಳುತ್ತೇನೆ. ಶೇಕಡಾವಾರು ಎಂಬುದು ಒಂದು ಭಿನ್ನರಾಶಿ. ಅಂಶವನ್ನು ಎಲ್ಲರೂ ಕೇಳುತ್ತಾರೆ, ಛೇದವನ್ನು ಯಾರೂ ಕೇಳುವುದಿಲ್ಲ. ಛೇದದಲ್ಲಿರುವುದು ಪರೀಕ್ಷೆ ಬರೆದವರ ಸಂಖ್ಯೆ. ನವೆಂಬರಿನಲ್ಲಿ ಹೊಲದಲ್ಲೇ ಉಳಿದ ಮಗುವನ್ನು ಹಾಗೆಯೇ ಬಿಟ್ಟಿದ್ದರೆ, ಓದು ಬಾರದವರನ್ನು ಹಾಜರಾತಿ ಕೊರತೆಯ ಪಟ್ಟಿಗೆ ಸೇರಿಸಿದ್ದರೆ ನಮ್ಮ ಛೇದ ಚಿಕ್ಕದಾಗುತ್ತಿತ್ತು, ಶೇಕಡಾವಾರು ಮೇಲೇರುತ್ತಿತ್ತು. ನಾವು ಕರೆತಂದು ಕೂರಿಸಿದ ಮಕ್ಕಳಲ್ಲಿ ಹಲವರು ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ನಮ್ಮ ಅಂಕಿಯನ್ನು ಇಳಿಸಿದರು ಎಂಬುದು ನಿಜ. ಎಂಟನೆಯ ತರಗತಿಗೆ ಸೇರಿದ ನೂರು ಮಕ್ಕಳಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿ ಮುಗಿಸಿದರು ಎಂದು ಕೇಳುವ ಪದ್ಧತಿ ಬಂದರೆ ಯಾವ ಶಾಲೆ ಏನು ಮಾಡುತ್ತಿದೆಯೆಂದು ಸ್ಪಷ್ಟವಾಗುತ್ತದೆ. ಪ್ರತಿ ಮಗುವಿನ ಲೆಕ್ಕ ಇಲಾಖೆಯ ವಿದ್ಯಾರ್ಥಿ ಮಾಹಿತಿಯ ಸ್ಯಾಟ್ಸ್ ತಂತ್ರಾಂಶದಲ್ಲಿ ಈಗಾಗಲೇ ಇರುವುದರಿಂದ ಇದಕ್ಕೆ ಹೊಸ ಮಾಹಿತಿ ಸಂಗ್ರಹಿಸುವ ಅಗತ್ಯವೂ ಇಲ್ಲ.

ಮೂರು ಪರೀಕ್ಷೆಗಳ ಪದ್ಧತಿಯ ಬೆಲೆ ನನಗೆ ತಿಳಿದದ್ದು ಆಮೇಲೆ. ಹಿಂದೆಲ್ಲ ಅನುತ್ತೀರ್ಣರಾದವರಿಗೆ ಪೂರಕ ಪರೀಕ್ಷೆ ಒಂದೇ ಇರುತ್ತಿತ್ತು, ಅದರಲ್ಲಿಯೂ ಆಗದಿದ್ದರೆ ಆ ಹೆಸರು ಶಾಲೆಯಿಂದ ಅಳಿಸಿಹೋದಂತೆಯೇ. ಆ ವರ್ಷ ಜೂನ್ ಮಧ್ಯದಲ್ಲಿ ಎರಡನೆಯದು, ಆಗಸ್ಟ್ ಮೊದಲ ವಾರದಲ್ಲಿ ಮೂರನೆಯದು ನಡೆದವು. ಆದರೆ ಏಪ್ರಿಲ್ ಎರಡನೇ ವಾರದಲ್ಲೇ ಅರ್ಧದಷ್ಟು ಹುಡುಗರು ಬೆಂಗಳೂರಿಗೆ ದುಡಿಯಲು ಹೋಗಿಯಾಗಿತ್ತು. ಫಲಿತಾಂಶ ಬಂದ ಸಂಜೆಯಿಂದ ವರ್ಗ ಶಿಕ್ಷಕರು ಫೋನು ಹಿಡಿದು ಕೂತರು. ಬರದ ಕಾರಣ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಯುತ್ತಿದ್ದುದರಿಂದ ಶಾಲೆಯ ಬಾಗಿಲು ತೆರೆದೇ ಇತ್ತು, ಅಡುಗೆಯವರು ಇದ್ದರು. ಊರಲ್ಲಿದ್ದ ಮಕ್ಕಳು ಬಿಸಿಲೇರುವ ಮುಂಚೆ ಬಂದು ಓದಿ, ಊಟದ ಹೊತ್ತಿಗೆ ಮುಗಿಸಿ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೇ ಉಳಿದಿದ್ದ. ಮೇಸ್ತ್ರಿ ವಾರಕ್ಕಿಂತ ಹೆಚ್ಚು ರಜೆ ಕೊಡುವುದಿಲ್ಲವೆಂದು ಹೇಳಿದ. ಗಣಿತದ ಮಾಸ್ತರರು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಲೆಕ್ಕ ಕಳಿಸುತ್ತಿದ್ದರು, ಅವನು ಸಿಮೆಂಟ್ ಚೀಲದ ಕಾಗದದ ಮೇಲೆ ಬಿಡಿಸಿ ಫೋಟೋ ತೆಗೆದು ಕಳಿಸುತ್ತಿದ್ದ. ಪರೀಕ್ಷೆಗೆ ಮುಂಚಿನ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಗಿನ ಜಾವ ಯಾದಗಿರಿಯಲ್ಲಿ ಇಳಿದು, ನೇರವಾಗಿ ಕೇಂದ್ರಕ್ಕೆ ಬಂದ. ಎರಡೂ ವಿಷಯಗಳಲ್ಲಿ ಪಾಸಾದ. ಈಗ ಅವನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ.

ಖೋ ಖೋ ನಾಯಕಿಗೆ ಗಣಿತ ಮೊದಲ ಪರೀಕ್ಷೆಯಲ್ಲೇ ಆಗಿತ್ತು, ವಿಜ್ಞಾನ ಉಳಿದಿತ್ತು. ಎರಡನೆಯದರಲ್ಲೂ ಒಂದೆರಡು ಅಂಕಗಳಿಗೆ ತಪ್ಪಿ, ಮೂರನೆಯದರಲ್ಲಿ ಮುಗಿಸಿದಳು. ಮನೆಯಲ್ಲಿ ಮದುವೆಯ ಮಾತು ಎತ್ತಿದವರಿಗೆ ಅವಳ ತಾಯಿ, ಪರೀಕ್ಷೆ ಇನ್ನೂ ಮುಗಿದಿಲ್ಲ ಎಂಬ ಒಂದೇ ಉತ್ತರವನ್ನು ಆಗಸ್ಟ್‌ವರೆಗೆ ಕೊಟ್ಟರಂತೆ. ಅಲ್ಲಿಂದ ಮುಂದೆ ಪಿಯು ಕಾಲೇಜಿನ ದಾಖಲಾತಿ ಆ ಉತ್ತರದ ಜಾಗಕ್ಕೆ ಬಂತು. ಮೂರು ಪರೀಕ್ಷೆಗಳಿಂದ ಶಿಕ್ಷಣದ ಗುಣಮಟ್ಟ ಇಳಿಯುತ್ತದೆಯೆಂದು ಚರ್ಚೆ ಮಾಡುವವರು ಇಂಥ ಹುಡುಗಿಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಮೂರರಲ್ಲಿಯೂ ಆಗದೆ ಉಳಿದವರು ಕೆಲವರಿದ್ದಾರೆ. ಅವರ ಅಂಕಪಟ್ಟಿಗಳ ಪ್ರತಿಗಳು ನನ್ನ ಮೇಜಿನ ಖಾನೆಯಲ್ಲಿವೆ. ಪ್ರತಿ ಬಾರಿ ಪರೀಕ್ಷೆಯ ಅರ್ಜಿ ಕರೆದಾಗ ಅವರಿಗೆ ಫೋನು ಹೋಗುತ್ತದೆ.

ಆ ವರ್ಷದ ನಂತರ ನಮ್ಮಲ್ಲಿ ಕೆಲವು ವ್ಯವಸ್ಥೆಗಳು ಬದಲಾಗಿವೆ. ಪಾಲಕರ ಸಭೆಯನ್ನು ಹತ್ತಿ ಕಾಯೊಡೆಯುವ ಮುಂಚೆ, ದಸರಾ ರಜೆಗೆ ಮೊದಲೇ ಕರೆಯುತ್ತೇವೆ, ಅದನ್ನು ಕೂಲಿಯವರು ಮನೆಗೆ ಮರಳಿದ ಮೇಲೆ ರಾತ್ರಿ ಏಳಕ್ಕೆ ಇಡುತ್ತೇವೆ. ಅಂದು ಪ್ರತಿ ತಾಯಿಯ ಕೈಗೆ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ಅಂಕಗಳಿರುವುದಿಲ್ಲ, ಮಗು ಈವರೆಗೆ ಬಾರದ ದಿನಗಳು ಎಷ್ಟು, ಅರವತ್ತರಲ್ಲಿ ಇನ್ನು ಉಳಿದ ದಿನಗಳು ಎಷ್ಟು ಎಂಬ ಎರಡೇ ಸಂಖ್ಯೆಗಳು ಇರುತ್ತವೆ. ಹೊಲದ ಮಾಲೀಕರಿಗೂ ಅದೇ ಸಭೆಗೆ ಕರೆ ಹೋಗುತ್ತದೆ, ಅವರಲ್ಲಿ ಹೆಚ್ಚಿನವರು ಬರುತ್ತಾರೆ.